ಜಗಲಿಯ ಮಾನ್‌ಸ್ಟೆರಾಕ್ಕೆ ಹೊಸ ಕುಂಡ

ಗಿಡಕ್ಕೆ ಕುಂಡ ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಎಲೆಗಿಂತ ನೀರನ್ನು ನೋಡಬೇಕು. ನಮ್ಮನೆ ಜಗಲಿಯ ಮಾನ್‌ಸ್ಟೆರಾ (ಸೀಳು ಸೀಳಾದ ಅಗಲ ಎಲೆಯ ಅಲಂಕಾರದ ಬಳ್ಳಿ) ಮೇಲ್ನೋಟಕ್ಕೆ ಭರ್ಜರಿಯಾಗಿಯೇ ಇತ್ತು. ಅರ್ಧ ಕಿಟಕಿ ಮುಚ್ಚಿತ್ತು, ಬಂದವರ ಭುಜಕ್ಕೆ ತಾಗುತ್ತಿತ್ತು. ಆದರೆ ನೀರು ಹಾಕಿದರೆ ಮಣ್ಣಲ್ಲಿ ಇಂಗುತ್ತಲೇ ಇರಲಿಲ್ಲ. ಕುಂಡದ ಅಂಚಿನಿಂದ ಸುರ್ರನೆ ಇಳಿದು, ಚೊಂಬು ಕೆಳಗಿಡುವಷ್ಟರಲ್ಲಿ ತಟ್ಟೆ ತುಂಬುತ್ತಿತ್ತು. ಮರುದಿನ ಬೆರಳು ಹಾಕಿದರೆ ಒಳಗೆಲ್ಲ ಒಣ ಒಣ. ಕುಂಡದೊಳಗೆ ಮಣ್ಣಿಗಿಂತ ಬೇರೇ ಜಾಸ್ತಿಯಾದಾಗ ಹೀಗಾಗುತ್ತದೆ. ನೀರು ಹಿಡಿದಿಟ್ಟುಕೊಳ್ಳಲು ಅಲ್ಲಿ ಮಣ್ಣೇ ಉಳಿದಿರುವುದಿಲ್ಲ.

ತಳದ ತೂತಿನಿಂದ ಬೇರು ಹೊರಗೆ ಬಂದು ತಟ್ಟೆಯಲ್ಲಿ ಸುತ್ತಿಕೊಂಡಿತ್ತು. ಪ್ಲಾಸ್ಟಿಕ್ ಕುಂಡದ ಹೊಟ್ಟೆ ಒಂದು ಕಡೆ ಉಬ್ಬಿತ್ತು. ಹೊಸ ಎಲೆಗಳು ಹಳೆಯವಕ್ಕಿಂತ ಸಣ್ಣ, ಸೀಳುಗಳೂ ಕಡಿಮೆ. ಈ ಕೊನೆಯದೊಂದನ್ನೇ ನೋಡಿ ಕುಂಡ ಬದಲಿಸಲು ಹೊರಡಬೇಡಿ. ಬೆಳಕು ಕಡಿಮೆಯಾದರೂ ಎಲೆ ಸಣ್ಣದಾಗುತ್ತದೆ, ತೂತು ಬೀಳುವುದಿಲ್ಲ. ಕಾಂಡದಿಂದ ಜೋತುಬಿದ್ದ ಉದ್ದುದ್ದ ಗಾಳಿಬೇರನ್ನು ನೋಡಿ 'ಅಯ್ಯೋ, ಪಾಪ, ಜಾಗ ಸಾಲದೆ ಹೊರಗೆ ಬಂದಿದೆ' ಎನ್ನುವವರಿದ್ದಾರೆ. ಅದಕ್ಕೂ ಕುಂಡಕ್ಕೂ ಸಂಬಂಧವಿಲ್ಲ. ಈ ಗಿಡದ ಮೂಲ ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಮಳೆಕಾಡು. ಅಲ್ಲಿ ಅದು ಮರ ಹತ್ತುತ್ತದೆ. ಆ ಬೇರು ಇರುವುದೇ ಮರ ಹಿಡಿಯಲು.

ಮರ ಹತ್ತುವ ಬಳ್ಳಿ, ಬುಡದಲ್ಲಿ ತರಗೆಲೆ, ಮೇಲೆ ನೆರಳು, ತಿಂಗಳುಗಟ್ಟಲೆ ಮಳೆ. ಶಿರಸಿ ಕಡೆಯವರಿಗೆ ಇದು ಎಲ್ಲೋ ನೋಡಿದ ಹಾಗಿದೆ ಅನ್ನಿಸಬೇಕಲ್ಲ? ನಮ್ಮ ಅಡಿಕೆ ತೋಟದ ಮೆಣಸಿನ ಬಳ್ಳಿ ಬದುಕುವುದೂ ಹೀಗೆಯೇ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಆದರೆ ಬೇಕಾದದ್ದು ಹೆಚ್ಚುಕಡಿಮೆ ಒಂದೇ. ಬುಡದಲ್ಲಿ ನೀರು ನಿಲ್ಲಬಾರದು, ಮೇಲೆ ಹಿಡಿದುಕೊಳ್ಳಲು ಏನಾದರೂ ಇರಬೇಕು. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವವರು, ಕೆಳಗೆ ಬಿದ್ದ ಬಳ್ಳಿಯನ್ನು ಎತ್ತಿ ಮರಕ್ಕೆ ಕಟ್ಟುವವರು ನಾವು. ಹಾಗಿರುವಾಗ ಮನೆಯೊಳಗಿನ ಈ ಗಿಡಕ್ಕೆ ಮಾತ್ರ ಯಾವುದೋ ತಂಪು ದೇಶದ ವಿಡಿಯೋ ನೋಡಿ, ಅಲ್ಲಿಯ ಮಣ್ಣಿನ ಪಟ್ಟಿ ಹಿಡಿದು ಅಂಗಡಿ ಸುತ್ತುವುದು ಯಾಕೆ ಎಂಬುದು ನನ್ನ ಪ್ರಶ್ನೆ. ನಾನು ಮಾಡಿದ್ದೆಲ್ಲ ತೋಟದ ಲೆಕ್ಕದಲ್ಲೇ.

ಅತ್ತೆಗೆ ಮಾತ್ರ ಈ ಗಿಡದ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. 'ಇದೆಂತದೇ, ಮನೆ ಒಳಗೇ ಕಾಡು ಬೆಳೆಸಿದ್ಯಲೇ' ಎಂದು ದಿನಕ್ಕೊಮ್ಮೆ ಹೇಳುತ್ತಾರೆ. ಆದರೆ ನಾನು ನೀರು ಹಾಕುವುದು ಮರೆತರೆ ಹಾಕುವವರು ಅವರೇ.

ಕಾಲದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಅರ್ಧ ಕೆಲಸ ಕಾಲದ್ದೇ. ಕುಂಡ ಬದಲಿಸುವಾಗ ಎಷ್ಟು ಜಾಗ್ರತೆ ಮಾಡಿದರೂ ಒಂದಷ್ಟು ಬೇರು ಹರಿಯುತ್ತದೆ. ಹರಿದ ಬೇರು ಮಾಗಲು ಬೆಚ್ಚಗಿನ ಹವೆ ಬೇಕು, ನಡುನಡುವೆ ಒಣಗುವ ಮಣ್ಣು ಬೇಕು. ಜುಲೈನಲ್ಲಿ ಶಿರಸಿಯಲ್ಲಿ ಇವೆರಡೂ ಇಲ್ಲ. ಹಗಲಲ್ಲೂ ಜಗಲಿಯಲ್ಲಿ ದೀಪ ಹಾಕಬೇಕು, ಒಣಹಾಕಿದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಕುಂಡದ ಮಣ್ಣು ಎಲ್ಲಿ ಒಣಗುತ್ತದೆ? ಆಗ ಕತ್ತರಿಸಿದ ಬೇರು ಕೊಳೆಯುವುದೇ ಜಾಸ್ತಿ. ಜನವರಿಯ ಚಳಿಯಲ್ಲಿ ಗಿಡ ಸುಮ್ನೆ ಕೂತಿರುತ್ತದೆ, ಹೊಸ ಬೇರು ಬಿಡುವ ಉಮೇದು ಇರುವುದಿಲ್ಲ. ಹಾಗಾಗಿ ಚಳಿ ಬಿಟ್ಟ ಮೇಲೆ, ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಮಾಡುವುದು ಒಳ್ಳೆಯದು. ಮಳೆ ಹಿಡಿಯುವಷ್ಟರಲ್ಲಿ ಬೇರು ಹೊಸ ಮಣ್ಣಿಗೆ ಹೋಗಿರುತ್ತದೆ. ಅದು ತಪ್ಪಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್.

ನೆನಪಿಟ್ಟುಕೊಳ್ಳಲು ನನ್ನದೊಂದು ಉಪಾಯ ಇದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ. 2022, 2024 ಹೀಗೆ ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಮಾನ್‌ಸ್ಟೆರಾದಂಥ ಜೋರು ಬೆಳೆಯುವ ಗಿಡಕ್ಕೆ ಕುಂಡ ಬದಲಿಸಬೇಕಾದದ್ದೂ ಎರಡು ವರ್ಷಕ್ಕೊಮ್ಮೆ, ಹವೆ ಬೆಚ್ಚಗಾಗುವ ಇದೇ ಹೊತ್ತಿಗೆ. ಜಾತ್ರೆಗೆ ನೆಂಟರು ಬರುವ ಮೊದಲು ಜಗಲಿ ಹೇಗೂ ಖಾಲಿ ಮಾಡಬೇಕು, ಆಗಲೇ ಗಿಡದ ಕೆಲಸವೂ ಆಗುತ್ತದೆ. ಜಾತ್ರೆ ಇಲ್ಲದ ವರ್ಷ ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ಹಾಕುತ್ತೇನೆ, ಅಷ್ಟೇ.

ಇನ್ನು ಕುಂಡ. ಹಳೆಯದು ಹತ್ತು ಇಂಚಿನದು, ಅಂದರೆ ಬಾಯಿಯ ಅಗಲ. ಹೊಸದು 12 ಇಂಚಿನದು ತಂದೆ. 'ಇಷ್ಟು ದೊಡ್ಡ ಗಿಡಕ್ಕೆ ಇಷ್ಟು ಸಣ್ಣ ಕುಂಡವಾ? ಒಮ್ಮೆಲೇ ದೊಡ್ಡದು ತಗೊಂಡರೆ ಮತ್ತೆ ಮತ್ತೆ ಬದಲಿಸುವ ಗೋಜಿಲ್ಲ' ಎಂದು ನಮ್ಮನೆಯವರು ಹೇಳಿದರು. ಅಂಗಡಿಯವರೂ ಅದನ್ನೇ ಹೇಳಿದರು. ಲೆಕ್ಕ ಮಾಡಿ ನೋಡಿ. ಅದೇ ಆಕಾರದ ಕುಂಡ ಹತ್ತರಿಂದ 12 ಇಂಚಿಗೆ ಹೋದರೆ ಅದು ಹಿಡಿಯುವ ಮಣ್ಣು ಸುಮಾರು ಒಂದೂ ಮುಕ್ಕಾಲು ಪಟ್ಟು ಆಗುತ್ತದೆ. 16 ಇಂಚಿಗೆ ಹೋದರೆ ನಾಲ್ಕು ಪಟ್ಟು. ಬೇರು ಮಾತ್ರ ಮೊದಲಿನಷ್ಟೇ. ಉಳಿದ ಮೂರು ಪಾಲು ಮಣ್ಣಿನ ನೀರನ್ನು ಕುಡಿಯುವವರು ಯಾರು? ಅದು ಹಸಿಯಾಗಿಯೇ ಉಳಿಯುತ್ತದೆ. ಹಸಿ ಮಣ್ಣಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಲ್ಲಿ ಬೇರು ಉಸಿರಾಡುವುದಿಲ್ಲ, ಕೊಳೆಯುತ್ತದೆ. ಬಿಸಿಲು ನಾಡಿನಲ್ಲಿ ಈ ದೊಡ್ಡ ಕುಂಡದ ತಪ್ಪು ಹೇಗೋ ನಡೆದುಹೋಗಬಹುದು. ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ನಡೆಯುವುದಿಲ್ಲ.

ನಾನು ಆರಿಸಿದ್ದು ಸುಟ್ಟ ಮಣ್ಣಿನ ಕುಂಡ. ಅದರ ಗೋಡೆಯಿಂದಲೂ ಒಂದಷ್ಟು ತೇವ ಆರಿಹೋಗುತ್ತದೆ. ತೂಕ ಇರುವುದರಿಂದ ಎತ್ತರದ ಗಿಡ ಹೊತ್ತರೂ ಬೀಳುವುದಿಲ್ಲ. ತೊಂದರೆ ಇಲ್ಲದಿಲ್ಲ. ಮಳೆಗಾಲದಲ್ಲಿ ಹೊರಮೈಗೆ ಹಸಿರು ಪಾಚಿ ಬರುತ್ತದೆ, ಕೆಳಗೆ ಏನೂ ಇಡದಿದ್ದರೆ ನೆಲದಲ್ಲಿ ದುಂಡಗೆ ಕಲೆ ಆಗುತ್ತದೆ. ನಾಲ್ಕು ಹಂಚಿನ ಚೂರಿನ ಮೇಲೆ ಕೂರಿಸಿದರೆ ಸರಿ. ಕುಂಡದ ಆಕಾರ ಮಾತ್ರ ನೋಡಿಕೊಳ್ಳಿ. ಹೊಟ್ಟೆ ದೊಡ್ಡ, ಬಾಯಿ ಸಣ್ಣ ಇರುವ ಚೆಂದದ ಕುಂಡಗಳು ಇಂಥ ಗಿಡಕ್ಕೆ ಬೇಡ. ಒಳಗೆ ಬೇರು ತುಂಬಿದ ಮೇಲೆ ಅದರ ಬಾಯಿಂದ ಬೇರುಗಡ್ಡೆ ಹೊರಗೆ ಬರುವುದೇ ಇಲ್ಲ, ಕೊನೆಗೆ ಕುಂಡ ಒಡೆಯಬೇಕು. ಬಾಯಿ ಅಗಲ, ಕೆಳಗೆ ಕಿರಿದು, ನೇರ ಗೋಡೆ. ಇದೇ ಸರಿ. ಹೊಸ ಕುಂಡವನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿ ಇಡಬೇಕು. ಇಲ್ಲದಿದ್ದರೆ ಹೊಸ ಮಣ್ಣಿನ ನೀರನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

ಮಣ್ಣಿನ ಮಿಶ್ರಣಕ್ಕೆ ಅಂಗಡಿಯಿಂದ ತಂದದ್ದು ಒಂದು ಕೋಕೋಪೀಟ್ ಇಟ್ಟಿಗೆ (ತೆಂಗಿನ ಸಿಪ್ಪೆಯ ಪುಡಿ ಒತ್ತಿ ಮಾಡಿದ್ದು), ಒಂದಿಷ್ಟು ಬೇವಿನ ಹಿಂಡಿ. ಉಳಿದದ್ದೆಲ್ಲ ಮನೆಯದು, ತವರುಮನೆಯದು. 650 ಗ್ರಾಂ ಕೋಕೋಪೀಟ್ ನೀರಲ್ಲಿ ಉಬ್ಬಿ ಅರ್ಧ ಬಕೆಟ್ ಆಗುತ್ತದೆ. ಅದನ್ನು ನೆನೆಸಿ ಹಾಗೇ ಹಾಕಬೇಡಿ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ಹಿಂಡಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಸಿ ಹಿಂಡಬೇಕು. ನೀರಿನ ಬಣ್ಣ ತಿಳಿಯಾಗುವವರೆಗೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಮಾಡಿದರೆ ಬೇಗ ಆಗುತ್ತದೆ.

ಅಳತೆ ಹೀಗೆ. ತೊಳೆದ ಕೋಕೋಪೀಟ್ ಒಂದು ಪಾಲು. ತೆಂಗಿನ ಸಿಪ್ಪೆಯನ್ನು ಕತ್ತಿಯಲ್ಲಿ ಹೆಬ್ಬೆರಳ ಉಗುರಿನಷ್ಟು ತುಂಡು ಮಾಡಿದ್ದು ಒಂದು ಪಾಲು. ಇದನ್ನೂ ನೆನೆಸಿ ನೀರು ಚೆಲ್ಲಬೇಕು. ಬೆಟ್ಟದ ದರಕು, ಅಂದರೆ ತರಗೆಲೆ, ಕಳಿತು ಕಪ್ಪಾದ ಗೊಬ್ಬರ ಒಂದು ಪಾಲು. ಜರಡಿ ಹಿಡಿದ ಕೆಂಪು ಮಣ್ಣು ಅರ್ಧ ಪಾಲು. ಬಚ್ಚಲೊಲೆಯ ಇದ್ದಿಲಿನ ಚೂರು ಅರ್ಧ ಪಾಲು. ಬೇವಿನ ಹಿಂಡಿ ಒಂದೇ ಮುಷ್ಟಿ. ಮುಷ್ಟಿಯಲ್ಲಿ ಹಿಡಿದು ಹಿಚುಕಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು. ಮುಟ್ಟಿದರೂ ಉಂಡೆಯಾಗಿಯೇ ಇದ್ದರೆ ಸಿಪ್ಪೆ ತುಂಡು ಇನ್ನಷ್ಟು ಸೇರಿಸಿ.

ಕೆಂಪು ಮಣ್ಣು ಯಾಕೆ ಇಷ್ಟು ಕಡಿಮೆ ಎಂದು ಆಯಿ (ನನ್ನಮ್ಮ) ಕೇಳಿದಳು. ನೆಲದಲ್ಲಿ ಎರೆಹುಳು, ಇರುವೆ, ಹಳೆಯ ಬೇರಿನ ದಾರಿ ಎಲ್ಲ ಸೇರಿ ಮಣ್ಣನ್ನು ಸಡಿಲ ಇಡುತ್ತವೆ. ಕುಂಡದಲ್ಲಿ ಅದ್ಯಾವುದೂ ಇಲ್ಲ. ನಮ್ಮ ಮಣ್ಣು ಒದ್ದೆಯಾಗಿ ಒಣಗಿ ಒದ್ದೆಯಾಗಿ ಕೊನೆಗೆ ಗಟ್ಟಿ ಹೆಂಟೆಯಾಗುತ್ತದೆ. ಇದ್ದಿಲಿನ ಬದಲು ಬೂದಿ ಹಾಕಬಹುದಾ ಎಂಬುದು ಅವಳ ಇನ್ನೊಂದು ಪ್ರಶ್ನೆ. ಬೇಡ. ಬೂದಿ ಕ್ಷಾರ, ಮಣ್ಣಿನ ಸಂದುಗಳನ್ನೂ ಮುಚ್ಚುತ್ತದೆ. ಇದ್ದಿಲು ಚೂರು ಚೂರಾಗಿ ಇದ್ದು ಸಂದು ಉಳಿಸುತ್ತದೆ. ಇದ್ದಿಲು ಇಲ್ಲದವರು ಉಮಿಕರಿ (ಸುಟ್ಟ ಭತ್ತದ ಹೊಟ್ಟು) ಹಾಕಬಹುದು.

ಹಳ್ಳಿಯಿಂದ ಗೊಬ್ಬರ ತರುವವರು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಹುಳು. ಸಗಣಿ ಗೊಬ್ಬರದ ಗುಂಡಿಯಲ್ಲಿ ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳು ಇರುತ್ತವೆ. ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡು ಬಿದ್ದಿರುವ ಹುಳು ಎಲ್ಲರೂ ನೋಡಿದ್ದೇ. ತೋಟದ ಮಣ್ಣಾದರೆ ಬೇರುಹುಳು ಇರಬಹುದು. ಅಡಿಕೆ ಮರದ ಬೇರನ್ನೇ ತಿನ್ನುವ ಹುಳುವಿಗೆ ಕುಂಡದ ಬೇರು ಯಾವ ಲೆಕ್ಕ? ಜರಡಿ ಹಿಡಿದು, ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಒಣಗಿಸಿಯೇ ಒಳಗೆ ತರಬೇಕು. ಮಾರ್ಚ್ ಬಿಸಿಲು ಇದಕ್ಕೆ ಅನುಕೂಲ. ಎರಡು, ರೋಗ. ಮೆಣಸಿಗೆ ಸೊರಗು ರೋಗ ಬಂದ ತೋಟದ ಮಣ್ಣು ಎಷ್ಟು ಕಪ್ಪಗೆ ಚೆನ್ನಾಗಿ ಕಂಡರೂ ನಾನು ತರುವುದಿಲ್ಲ. ಆ ರೋಗಾಣು ಇರುವುದು ಮಣ್ಣಲ್ಲೇ, ಹರಡುವುದು ನೀರಲ್ಲೇ.

ಗಿಡ ಬಿಡಿಸುವ ಹಿಂದಿನ ದಿನ ಚೆನ್ನಾಗಿ ನೀರು ಹಾಕಿಟ್ಟಿದ್ದೆ. ಒಣ ಬೇರು ಪಟಕ್ಕನೆ ಮುರಿಯುತ್ತದೆ, ನೀರು ಕುಡಿದ ಬೇರು ಬಾಗುತ್ತದೆ. ಕೆಲಸ ಮಾಡಿದ್ದು ಹಿತ್ತಿಲ ಅಂಗಳದಲ್ಲಿ, ನೆರಳಿನಲ್ಲಿ, ಹಳೆಯ ಗೋಣಿಚೀಲ ಹಾಸಿಕೊಂಡು. ಮೊದಲು ಎರಡೂ ಕೈಗೆ ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡೆ. ಮಾನ್‌ಸ್ಟೆರಾ, ಕೆಸು, ಸುವರ್ಣಗಡ್ಡೆ, ಮನಿಪ್ಲಾಂಟ್, ಆಂಥೂರಿಯಂ ಎಲ್ಲ ಒಂದೇ ಕುಟುಂಬ. ಕರಕಲಿ ಎಂಬ ಅಡುಗೆಗೆ ಕೆಸು ಹೆಚ್ಚುವಾಗ ಕೈ ತುರಿಸುತ್ತದಲ್ಲ, ಅದೇ ತುರಿಕೆ ಇದರ ರಸದಲ್ಲೂ ಇದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಮೊನೆಯ ಹರಳುಗಳು ಚರ್ಮಕ್ಕೆ ಚುಚ್ಚುವುದರಿಂದ ಆಗುವ ತುರಿಕೆ ಅದು. ಕಣ್ಣು ಉಜ್ಜಿಕೊಳ್ಳಬಾರದು. ಮಕ್ಕಳನ್ನು, ಬೆಕ್ಕನ್ನು ದೂರ ಇಡಬೇಕು. ಕತ್ತರಿಸಿದ ಎಲೆಯನ್ನು ಹಸಿರು ಸೊಪ್ಪು ಅಂತ ಕೊಟ್ಟಿಗೆಗೆ ಎಸೆಯಲೇಬಾರದು.

ಉದ್ದನೆಯ ಎಲೆಗಳನ್ನು ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಒಟ್ಟು ಮಾಡಿ ಕಟ್ಟಿದೆ. ಇಲ್ಲದಿದ್ದರೆ ಗಿಡ ಮಲಗಿಸುವಾಗ ತೊಟ್ಟುಗಳು ಮುರಿಯುತ್ತವೆ. ಆಮೇಲೆ ಕುಂಡ ಅಡ್ಡ ಮಲಗಿಸಿ, ಸುತ್ತ ಉರುಳಿಸುತ್ತ ಅಂಗೈಯಿಂದ ಬಡಿದೆ. ಸಾಮಾನ್ಯವಾಗಿ ಇಷ್ಟಕ್ಕೇ ಬಿಡುತ್ತದೆ. ಇದು ಬಿಡಲಿಲ್ಲ. ಉದ್ದ ಚಾಕುವನ್ನು ಕುಂಡದ ಗೋಡೆಗೆ ಒತ್ತಿ ಸುತ್ತ ಆಡಿಸಿದೆ. ಆಗಲೂ ಅಲುಗಲಿಲ್ಲ. ತಳದಲ್ಲಿ ತೂತಿನಿಂದ ಹೊರಬಂದ ಬೇರುಗಳೇ ಬೀಗ ಹಾಕಿದ್ದವು. ಇಂಥ ಹೊತ್ತಲ್ಲಿ ಕಾಂಡ ಹಿಡಿದು ಜಗ್ಗುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಬುಡ ಕಿತ್ತು ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ. ಕುಂಡವೋ ಬೇರೋ ಎಂದು ಬಂದರೆ ನನ್ನ ಮತ ಬೇರಿಗೆ. ಹೇಗೂ ಉಬ್ಬಿಹೋದ ಪ್ಲಾಸ್ಟಿಕ್, ದೊಡ್ಡ ಕತ್ತರಿಯಿಂದ ಬಾಯಿಂದ ತಳದವರೆಗೆ ಎರಡು ಕಡೆ ಸೀಳಿಬಿಟ್ಟೆವು. ನಮ್ಮನೆಯವರು ಹಿಡಿದುಕೊಂಡರು, ನಾನು ಬಿಡಿಸಿದೆ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು. ಎಲೆ, ಕಾಂಡ, ಬೇರು ಮೂರೂ ಮೂರು ಕಡೆ ಎಳೆಯುತ್ತಿರುತ್ತವೆ.

ಒಳಗೆ ಕಂಡದ್ದು ಕುಂಡದ ಅಚ್ಚಿನಲ್ಲೇ ನಿಂತ ಬೇರಿನ ಸಿಂಬೆ. ತಳದಲ್ಲಿ ಬೆರಳು ದಪ್ಪದ ಬೇರುಗಳು ಸುತ್ತು ಸುತ್ತಾಗಿ ಹೆಣೆದುಕೊಂಡಿದ್ದವು. ಇದನ್ನು ಹಾಗೇ ಎತ್ತಿ ಹೊಸ ಕುಂಡಕ್ಕೆ ಇಟ್ಟರೆ ಆ ಬೇರು ತನ್ನ ಹಳೇ ಸುತ್ತಿನಲ್ಲೇ ಸುತ್ತುತ್ತ ಇರುತ್ತದೆ, ಹೊಸ ಮಣ್ಣಿಗೆ ಹೋಗಲು ಬಹಳ ಕಾಲ ಹಿಡಿಯುತ್ತದೆ. ಹಾಗಾಗಿ ಬಿಡಿಸಲೇಬೇಕು. ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಇಟ್ಟೆ. ಆಮೇಲೆ ಕೆಳಗಿನಿಂದ ಶುರುಮಾಡಿ, ಜಡೆಯ ಸಿಕ್ಕು ಬಿಡಿಸುವಂತೆ ತುದಿಯಿಂದ ಮೇಲಕ್ಕೆ ಒಂದೊಂದೇ ಬೇರು ಬಿಡಿಸಿದೆ. ಪೂರ್ತಿ ಬಿಡಿಸುವ ಹಟ ಬೇಡ. ಹೊರಗಿನ ಸುತ್ತು, ತಳದ ಸುತ್ತು ಬಿಟ್ಟುಕೊಂಡರೆ ಸಾಕು. ನಡುವಿನ ಗಟ್ಟಿ ಭಾಗ ಹಾಗೇ ಇರಲಿ. ಬಿಡಿಸಲು ಬಾರದ ಕಡೆ ಪಕ್ಕದಿಂದ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಚಾಕುವಿನಿಂದ ಗೀರಿದೆ. ಕತ್ತರಿಸಿದಲ್ಲಿ ಹೊಸ ಬೇರು ಕವಲೊಡೆಯುತ್ತದೆ.

ಬೇರು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಬಿಳಿ ಅಥವಾ ಕೆನೆ ಬಣ್ಣ, ಹಿಡಿದರೆ ಗಟ್ಟಿ, ಅದು ಒಳ್ಳೆಯದು. ಹಳೆಯ ಬೇರು ಕಂದಾಗಿದ್ದರೂ ಗಟ್ಟಿ ಇದ್ದರೆ ಚಿಂತೆ ಇಲ್ಲ. ಒತ್ತಿದರೆ ಮೆತ್ತಗೆ, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುವುದು, ಕೊಳೆತ ವಾಸನೆ ಬರುವುದು, ಅಂಥದ್ದನ್ನು ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿಕೊಂಡು, ಕೊಳೆತದ್ದು ಕತ್ತರಿಸಿದಾಗೆಲ್ಲ ಮತ್ತೆ ಒರೆಸಿಕೊಂಡು. ಒಟ್ಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೇರು ಹೋಗದಂತೆ ನೋಡಿಕೊಂಡೆ.

ಕೋಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬಹಳ ಜನ ಗಿಡ ನೆಟ್ಟು, ಮಣ್ಣು ತುಂಬಿ, ಅದು ವಾಲಿದ ಮೇಲೆ ಕೋಲು ಹುಡುಕುತ್ತಾರೆ. ಆಗ ಚುಚ್ಚಿದ ಕೋಲು ಹೊಸದಾಗಿ ಬಿಟ್ಟ ಬೇರನ್ನು ಸೀಳಿಕೊಂಡು ಹೋಗುತ್ತದೆ. ಕೋಲು ಮೊದಲು, ಗಿಡ ಆಮೇಲೆ, ಮಣ್ಣು ಕೊನೆಗೆ. ಅಂಗಡಿಯಲ್ಲಿ ಸಿಗುವ ನಾರಿನ ಕೋಲು ನೋಡಲು ಚೆಂದ, ಆದರೆ ತೆಳು. ಇಷ್ಟು ದೊಡ್ಡ ಗಿಡ ಅದನ್ನೇ ಎಳೆದುಕೊಂಡು ಬೀಳುತ್ತದೆ. ನಮಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಇದೆಯಲ್ಲ! ಮೂರು ಬೆರಳು ಅಗಲದ ದಬ್ಬೆಗೆ ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗವನ್ನು ಒತ್ತೊತ್ತಾಗಿ ಸುತ್ತಿದೆ. ಅಗಲ ಇರುವುದರಿಂದ ಗಾಳಿಬೇರಿಗೆ ಹಿಡಿಯಲು ಜಾಗ, ನಾರು ಇರುವುದರಿಂದ ತೇವ. ದಬ್ಬೆಗೆ ಒಂದೇ ದೋಷ. ಮಣ್ಣಲ್ಲಿ ಹೂತ ಭಾಗ ಬರಬರುತ್ತ ಕುಂಬಾಗಿ ಕೊಳೆಯುತ್ತದೆ. ಅಷ್ಟರಲ್ಲಿ ಮುಂದಿನ ಜಾತ್ರೆ ಬಂದಿರುತ್ತದೆ, ಬದಲಿಸಿದರಾಯಿತು. ಬೇಡ ಎನ್ನುವವರು ಎರಡು ಇಂಚಿನ ಪಿವಿಸಿ ಪೈಪಿಗೆ ಹಗ್ಗ ಸುತ್ತಬಹುದು.

ತಳದಲ್ಲಿ ಜಲ್ಲಿ ಹಾಕಲಿಲ್ಲ. 'ನೀರು ಬಸಿಯಲು ಕೆಳಗೆ ಒಂದು ಪದರ ಕಲ್ಲು' ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರ ಮನೆಯಲ್ಲೂ ಮಾಡುತ್ತಾರೆ. ನಿಜವಾಗಿ ಅದರಿಂದ ಉಪಯೋಗ ಇಲ್ಲ. ಸಣ್ಣ ಸಂದಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ತನ್ನ ನೀರನ್ನು ಕೆಳಗಿನ ದೊಡ್ಡ ಸಂದಿನ ಕಲ್ಲಿಗೆ ಬಿಟ್ಟುಕೊಡುವುದಿಲ್ಲ. ಅಂದರೆ ಕಲ್ಲಿನ ಮೇಲೆ ಒಂದು ಹಸಿ ಪದರ ನಿಂತೇ ಇರುತ್ತದೆ. ಕಲ್ಲು ಹಾಕಿದಷ್ಟೂ ಆ ಹಸಿ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ, ಮಣ್ಣಿನ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹಿಡಿ ತೆಂಗಿನ ನಾರು ಇಟ್ಟೆ. ಅಷ್ಟೇ. ತೂತು ಮಾತ್ರ ದೊಡ್ಡದಿರಬೇಕು. ನಮ್ಮ ಕುಂಡದ ತೂತು ಸಣ್ಣದಿತ್ತು. ನೆನೆದ ಕುಂಡವನ್ನು ಬೋರಲು ಹಾಕಿ, ಹಳೆ ಅರದ ಮೊನೆಯಿಂದ ಮೆಲ್ಲಗೆ ತಿರುವಿ ದೊಡ್ಡದು ಮಾಡಿದೆವು. ಸುತ್ತಿಗೆಯಲ್ಲಿ ಹೊಡೆದರೆ ಕುಂಡ ಎರಡು ಹೋಳು.

ಗಿಡ ಕೂರಿಸುವಾಗ ಅದರ ಮುಖ ನೋಡಬೇಕು. ಮಾನ್‌ಸ್ಟೆರಾಕ್ಕೆ ಹಿಂದೆ ಮುಂದೆ ಇದೆ. ಗಾಳಿಬೇರು ಬರುವ ಕಡೆ ಹಿಂಭಾಗ, ಅದು ಕೋಲಿಗೆ ತಾಗಬೇಕು. ಎಲೆ ತಿರುಗಿದ ಕಡೆ ಮುಂಭಾಗ, ಅದು ಕಿಟಕಿಗೆ ಇರಬೇಕು. ಹಳೆಯ ಕುಂಡದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಈಗಲೂ ಅಲ್ಲಿಯವರೆಗೇ. ಬುಡದ ಹತ್ತಿರದ ಗಾಳಿಬೇರುಗಳನ್ನು ಬಾಗಿಸಿ ಮಣ್ಣಿಗೆ ಬಿಟ್ಟೆ, ಅವು ಒಳಗೆ ಹೋಗಿ ಮಾಮೂಲಿ ಬೇರಾಗುತ್ತವೆ. ಸುತ್ತ ಮಣ್ಣು ತುಂಬುತ್ತ ಅಡುಗೆಮನೆಯ ಹಳೆ ಸೌಟಿನ ಹಿಡಿಯಿಂದ ಮೆಲ್ಲಗೆ ಇಳಿಸಿದೆ. ಕೈಯಿಂದ ಒತ್ತಿ ಗಟ್ಟಿ ಮಾಡಿದರೆ ಇಷ್ಟು ಹೊತ್ತು ಸಿಪ್ಪೆ, ಇದ್ದಿಲು ಹಾಕಿ ಮಾಡಿದ್ದೆಲ್ಲ ದಂಡ. ಬಾಯಿಂದ ಒಂದು ಇಂಚು ಕೆಳಗೆ ನಿಲ್ಲಿಸಿದೆ, ನೀರಿಗೆ ಜಾಗ ಬೇಕಲ್ಲ. ಕಾಂಡವನ್ನು ದಬ್ಬೆಗೆ ಬಾಳೆಪಟ್ಟೆಯಿಂದ ಕಟ್ಟಿದೆ, ಮೆಣಸಿನ ಬಳ್ಳಿ ಕಟ್ಟಿದ ಹಾಗೆಯೇ. ಕಟ್ಟುವುದು ಕಾಂಡಕ್ಕೆ, ಎಲೆಯ ತೊಟ್ಟಿಗಲ್ಲ. ತೊಟ್ಟು ಬೆಳಕಿನ ಕಡೆ ತಿರುಗುತ್ತಿರುತ್ತದೆ, ಕಟ್ಟಿದರೆ ಮುರಿಯುತ್ತದೆ. ಬಾಳೆಪಟ್ಟೆಯ ಒಳ್ಳೆಯ ಗುಣ ಏನೆಂದರೆ, ಬೇರು ಹಿಡಿಯುವ ಹೊತ್ತಿಗೆ ಅದೇ ಕಳಿತು ಬಿದ್ದುಹೋಗುತ್ತದೆ. ತಂತಿ, ಪ್ಲಾಸ್ಟಿಕ್ ದಾರ ಕಾಂಡದೊಳಗೆ ಕೂತುಬಿಡುತ್ತವೆ.

ಕೊನೆಗೆ ಕೆಳಗಿನಿಂದ ಇಳಿಯುವವರೆಗೆ ನೀರು. ಆಮೇಲೆ ಬಿಸಿಲು ಬೀಳದ, ಬೆಳಕು ಇರುವ ಮೂಲೆಯಲ್ಲಿ ಒಂದೆರಡು ವಾರ.

ಈ ಒಂದೆರಡು ವಾರದಲ್ಲೇ ಗಿಡ ಸಾಯುವುದು, ಅದೂ ಪ್ರೀತಿಯಿಂದ. ಎಲೆ ಜೋಲುತ್ತದೆ. ನಮ್ಮದೂ ಜೋತಿತ್ತು, ಅತ್ತೆ ಚೊಂಬು ಹಿಡಿದು ಬಂದೇಬಿಟ್ಟಿದ್ದರು. ಬೇರು ಹರಿದಿರುವುದರಿಂದ ಮಣ್ಣಲ್ಲಿ ನೀರಿದ್ದರೂ ಎಲೆಗೆ ಏರುವುದಿಲ್ಲ. ಮತ್ತೆ ಮತ್ತೆ ನೀರು ಹಾಕಿದರೆ ಇದ್ದ ಬೇರೂ ಕೊಳೆಯುತ್ತದೆ. ಹಿಡಿಕಡ್ಡಿಯೊಂದನ್ನು ಮಣ್ಣಿಗೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ. ಹಸಿ ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಕೆಳಗಿನ ಒಂದೆರಡು ಹಳೆ ಎಲೆ ಹಳದಿಯಾದರೆ ಹೆದರಬೇಡಿ. ಹೊಸ ಎಲೆಗಳೇ ಹಳದಿಯಾಗಿ ಬುಡ ಮೆತ್ತಗಾದರೆ ಮಾತ್ರ ಬಿಚ್ಚಿ ಬೇರು ನೋಡಬೇಕು. ರಸಗೊಬ್ಬರ, ದ್ರವಗೊಬ್ಬರ ಯಾವುದೂ ಹೊಸ ಎಲೆ ಬಿಡುವವರೆಗೆ ಬೇಡ. ಮಿಶ್ರಣದಲ್ಲಿರುವ ಗೊಬ್ಬರವೇ ಬೇಕಾದಷ್ಟಾಯಿತು.

ಮಳೆಗಾಲದಲ್ಲಿ ಬೇವಿನ ಹಿಂಡಿಯನ್ನು ಮೇಲೆ ಉದುರಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಎರಡೇ ದಿನಕ್ಕೆ ಬಿಳಿ ಬೂಸ್ಟು ಬಂದು ಜಗಲಿಯೆಲ್ಲ ವಾಸನೆ. ತಟ್ಟೆಯ ನೀರನ್ನು ಆಗಾಗ ಚೆಲ್ಲುತ್ತಿರಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ, ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಮೊದಲು ನೋಡುವುದೂ ಕುಂಡದ ತಟ್ಟೆಯನ್ನೇ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಟ್ಟೆಯನ್ನೇ ತೆಗೆದಿಟ್ಟು, ನೀರು ಬೇಕೆನಿಸಿದಾಗ ಕುಂಡವನ್ನು ಬಚ್ಚಲಿಗೆ ಒಯ್ದು ಹಾಕಿ, ಬಸಿದ ಮೇಲೆ ತರುತ್ತೇನೆ. ಭಾರ ಹೌದು. ಆದರೆ ಮಳೆಗಾಲದಲ್ಲಿ ಆ ಕೆಲಸ ಅಪರೂಪಕ್ಕೆ ಬರುವುದು.

ಕುಂಡ ಬದಲಿಸುವಾಗಲೇ ಕಿಟಕಿ ದಾಟಿ ಹೋದ ತುದಿಯನ್ನೂ ಕತ್ತರಿಸಿದ್ದೆ. ತುಂಡು ನೆಡುವುದಾದರೆ ಅದರಲ್ಲಿ ಕಾಂಡದ ಗಂಟು ಇರಲೇಬೇಕು, ಜೊತೆಗೆ ಒಂದು ಗಾಳಿಬೇರು ಇದ್ದರೆ ಇನ್ನೂ ಒಳ್ಳೆಯದು. ಬರೀ ಎಲೆ, ತೊಟ್ಟು ನೀರಲ್ಲಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿ ಇರುತ್ತದೆ, ಬೇರೂ ಬರಬಹುದು, ಗಿಡ ಮಾತ್ರ ಆಗುವುದಿಲ್ಲ. ಒಂದು ತುಂಡನ್ನು ತವರುಮನೆಯ ಹಲಸಿನ ಮರದ ಬುಡಕ್ಕೆ ಕೊಟ್ಟೆ. ಅಲ್ಲಿ ಅದಕ್ಕೆ ಕುಂಡವೂ ಬೇಡ, ದಬ್ಬೆಯೂ ಬೇಡ.

ಜಗಲಿಯ ಗಿಡಕ್ಕೆ 14 ಇಂಚಿಗಿಂತ ದೊಡ್ಡ ಕುಂಡ ಕೊಡುವುದಿಲ್ಲ, ಇಡಲು ಜಾಗ ಇಲ್ಲ. ಆ ಹಂತಕ್ಕೆ ಬಂದ ಮೇಲೆ ಅದೇ ಕುಂಡದಲ್ಲಿ ಉಳಿಸಿಕೊಳ್ಳುವ ದಾರಿ ಇದೆ. ಬೇರುಗಡ್ಡೆ ಹೊರಗೆ ತೆಗೆದು, ತಳದಿಂದ ಎರಡು ಇಂಚು, ಸುತ್ತಲೂ ಒಂದು ಇಂಚು ಚಾಕುವಿನಿಂದ ಕೊಯ್ದು ತೆಗೆಯುವುದು. ಬೇರು ಕಡಿಮೆಯಾದಷ್ಟು ಎಲೆಯನ್ನೂ ಕಡಿಮೆ ಮಾಡುವುದು. ಖಾಲಿಯಾದ ಜಾಗಕ್ಕೆ ಹೊಸ ಮಿಶ್ರಣ ತುಂಬಿ ಅದೇ ಕುಂಡದಲ್ಲಿ ಮತ್ತೆ ಕೂರಿಸುವುದು. ನಮ್ಮನೆಯ ಹಳೆ ಆಂಥೂರಿಯಂಗೆ ಹೀಗೆಯೇ ಮಾಡುತ್ತ ಬಂದಿದ್ದೇನೆ, ಕುಂಡ ಮಾತ್ರ ಅದೇ ಇದೆ. ತೆಗೆದ ಹಳೆ ಮಣ್ಣನ್ನು ಇನ್ನೊಂದು ಕುಂಡಕ್ಕೆ ಹಾಕುವುದಿಲ್ಲ. ಅದು ಹೋಗುವುದು ಬೇಲಿಯ ದಾಸವಾಳದ ಬುಡಕ್ಕೆ.